ಓರಗಿತ್ತಿಯ ಗೋಡೆ ಬಿರಿಯಲಿಲ್ಲ

ನೆಲ ಬಿರಿದದ್ದನ್ನು ಕೂಕಾ ಹೇಗೋ ಸಹಿಸಿಕೊಂಡಳು. ಬಿರುಕು ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಸಹಿಸಿಕೊಳ್ಳುವುದು ಮಾತ್ರ ಅವಳಿಂದ ಆಗಲಿಲ್ಲ.

ಸೆಪ್ಟೆಂಬರಿನ ಆ ಮಧ್ಯಾಹ್ನ ಭೂಮಿಯ ಅಲುಗಾಟ ನಿಂತ ಮೇಲೆ ಕಾಲುವೆಗಳ ಊರಾದ ಸೋಚಿಮಿಲ್ಕೊದ ಸಾಂತಾ ರೀತಾ ಓಣಿಯವರು ಮೊದಲು ಓಡಿದ್ದು ಕಾಲುವೆಯ ಕಡೆಗೆ. ಅಲ್ಲಿ ನೀರಿರಲಿಲ್ಲ. ದೋಣಿಗಳು ಒಂದು ಮಗ್ಗುಲಿಗೆ ವಾಲಿ ಕೆಸರಿನಲ್ಲಿ ಕೂತಿದ್ದವು, ಮೀನುಗಳು ಒದ್ದಾಡುತ್ತಿದ್ದವು. ಕಾಲುವೆಯ ತಳದಲ್ಲಿ ತೆರೆದುಕೊಂಡ ಸೀಳು ನೀರನ್ನೆಲ್ಲ ಕುಡಿದುಬಿಟ್ಟಿತ್ತು. ಅದೇ ಸೀಳು ದಡ ಹತ್ತಿ, ಹೂಳು ಪೇರಿಸಿ ಕಟ್ಟಿದ ಕೂಕಾಳ ಚಿನಾಂಪ ತೋಟದ ಲೆಟ್ಯೂಸ್ ಮಡಿಗಳನ್ನು ಇಬ್ಭಾಗ ಮಾಡಿ, ಹಿತ್ತಿಲ ಬಾಗಿಲಿನಿಂದ ಅವಳ ಅಡುಗೆಮನೆಯನ್ನು ಹೊಕ್ಕಿತ್ತು. ಅಲ್ಲಿಂದ ನಡುಮನೆ, ನಡುಮನೆಯಿಂದ, ಅವಳು ನೀಲಿ ಬಣ್ಣ ಹೊಡೆಸಿ ಬೀಗ ಹಾಕಿಟ್ಟಿದ್ದ ಹೊಸ ಕೋಣೆ. ಆ ಕೋಣೆಯ ಗೋಡೆಯನ್ನು ಸೂರಿನವರೆಗೆ ಸೀಳಿ ಅಂಗಳಕ್ಕಿಳಿದು, ಓರಗಿತ್ತಿ ಒತಿಲಿಯಾಳ ಗೋಡೆಯ ಬುಡದವರೆಗೆ ನೆಟ್ಟಗೆ ಹೋಗಿ, ಅಲ್ಲಿ ಯಾರೋ ದಾರಿ ತೋರಿಸಿದಂತೆ ತಿರುಗಿ ಬೀದಿಗೆ ಹೊರಟುಹೋಗಿತ್ತು. ಒತಿಲಿಯಾಳ ಮನೆಯಲ್ಲಿ ಒಂದು ಬಸಿಯೂ ಬಿದ್ದಿರಲಿಲ್ಲ.

ಬೇರೆ ಓಣಿಗಳಿಂದಲೂ ಜನ ನೋಡಲು ಬಂದರು. ಕೂಕಾಳ ಬಾಗಿಲಲ್ಲಿ ನಿಂತು ಅಯ್ಯೋ ಎಂದರು; ಒತಿಲಿಯಾಳ ಗೋಡೆಯ ಮುಂದೆ ಶಿಲುಬೆಯ ಗುರುತು ಮಾಡಿಕೊಂಡರು. ಒಬ್ಬ ಮುದುಕಿ ಗೋಡೆಯನ್ನು ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು.

"ಈ ಮನೇಲಿ ದೇವರಿದಾನೆ ಕಣೇ," ಎಂದಳು ಜೊತೆಯವಳಿಗೆ.

ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಗೋಣಿಸೊಪ್ಪು ಬಿಡಿಸುತ್ತಿದ್ದ ಕೂಕಾ ತಲೆಯೆತ್ತಲಿಲ್ಲ. "ಹಾಗಾದ್ರೆ ನನ್ನ ಮನೇಲಿ ಯಾರಿದ್ರಂತೆ ಅಜ್ಜಿ? ಹೆಗ್ಗಣಾನಾ?"

ಮರಿಯಾ ದೆಲ್ ರೆಫುಹಿಯೊ ಎಂಬುದು ಅವಳ ಪೂರ್ಣ ಹೆಸರು. ಆ ಹೆಸರಿನಿಂದ ಅವಳನ್ನು ಕರೆದವನು ಮದುವೆ ಮಾಡಿಸಿದ ಪಾದ್ರಿಯೊಬ್ಬನೇ. ಗಲಿಸಿಯಾ ಮನೆತನದ ಹಿರಿಯ ಮಗ ಫಿದೆನ್ಸಿಯೊನನ್ನು ಮದುವೆಯಾಗಿ ಬಂದಾಗ ಅವಳಿಗೆ ದೋಣಿ ನಡೆಸಲು ಬರುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಕಲಿತಳು. ಎರಡು ವರ್ಷ ಕಳೆದು ಕಿರಿಯ ಮಗ ನಬೋರನ ಕೈ ಹಿಡಿದು ಬಂದ ಒತಿಲಿಯಾ ಹುಟ್ಟಿನಿಂದಲೇ ಕಾಲುವೆಯವಳು. ನಿಂತ ದೋಣಿಯಲ್ಲಿ ಜಡೆ ಹೆಣೆದುಕೊಳ್ಳಬಲ್ಲವಳು. ಅವಳು ಮಾಡಿದ ತಮಾಲೆಗಳು, ಮೆಕ್ಕೆಜೋಳದ ಕಡುಬುಗಳು, ಹಬೆಯಲ್ಲಿ ಹೂವಿನಂತೆ ಉಬ್ಬುತ್ತಿದ್ದವು, ಕೂಕಾಳವು ಕಲ್ಲಾಗುತ್ತಿದ್ದವು. ಕೂಕಾ ಇದನ್ನು ಯಾರಲ್ಲೂ ಆಡಲಿಲ್ಲ. ಒತಿಲಿಯಾಳ ಮಗಳ ದೀಕ್ಷಾಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳೂ ಅವಳೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ, ಅಂದರೆ ಜೊತೆತಾಯಿ, ಎಂದು ಕರೆಯುತ್ತಿದ್ದರು, ಜಗಳವಾಡುವಾಗ ಇನ್ನೂ ಒತ್ತಿ ಕರೆಯುತ್ತಿದ್ದರು.

ಆಸ್ತಿ ಪಾಲಾದಾಗ ಮಾವ ಅಂಗಳದ ನಡುವೆ ಹಗ್ಗ ಎಳೆದು, ಹಿರಿಯ ಸೊಸೆ ಮೊದಲು ಆರಿಸಿಕೊಳ್ಳಲಿ ಎಂದಿದ್ದ. ಕೂಕಾ ನೀರಿನ ಕಡೆಯ ಪಾಲನ್ನು ಆರಿಸಿಕೊಂಡಳು: ತೋಟ ಹತ್ತಿರ, ದೋಣಿ ಹತ್ತಿರ. ಒತಿಲಿಯಾಳಿಗೆ ಬೀದಿ ಕಡೆಯದು ಉಳಿಯಿತು. ಬಿರುಕು ಬಂದ ದಿನದಿಂದ ಕೂಕಾ ಆ ಹಗ್ಗವನ್ನು ಮನಸ್ಸಿನಲ್ಲಿ ಎಷ್ಟು ಸಲ ಎಳೆದಳೋ, ಪ್ರತಿ ಸಲವೂ ತಾನೇ ಮುಂದೆ ಬಂದು ನೀರಿನ ಕಡೆಗೆ ಬೆರಳು ಮಾಡುತ್ತಿದ್ದಳು.

ಹೋದ ಮನೆಗಾಗಿ ಅವಳು ಅಷ್ಟೊಂದು ಅಳಲಿಲ್ಲ. ಅತ್ತದ್ದು ನೀಲಿ ಕೋಣೆಗಾಗಿ.

ಆ ಕೋಣೆಯನ್ನು ಕಟ್ಟಿಸಿದ್ದು ಜೊಂಡಿನ ಕಂದನಿಗೆ. ಮೊಳಕೈಯುದ್ದದ ಮರದ ಬಾಲಯೇಸು ಅದು. ಹಿಂದೆ ಯಾವಾಗಲೋ ಕಾಲುವೆಯ ಜೊಂಡಿನ ನಡುವೆ ಸಿಕ್ಕಿತೆಂದು ಓಣಿಯವರ ನಂಬಿಕೆ. ಕಂದನಿಗೆ ಗುಡಿಯಿಲ್ಲ. ಪ್ರತಿ ವರ್ಷ ಫೆಬ್ರುವರಿಯ ಕಾಂದೆಲಾರಿಯ ಹಬ್ಬದಂದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಾನೆ. ವರ್ಷವಿಡೀ ಅಲ್ಲಿಯೇ ಅವನ ವಾಸ, ಸಂಜೆಯ ಜಪಮಾಲೆ, ಜೋಗುಳ, ಬಂದವರಿಗೆಲ್ಲ ಊಟ. ಆ ವರ್ಷ ಮನೆಯ ಯಜಮಾನಿಯನ್ನು ಓಣಿಯೆಲ್ಲ ಕಂದನ ತಾಯಿ ಎಂದು ಕರೆಯುತ್ತದೆ. ವರ್ಷ ಕಳೆದ ಮೇಲೂ, ಅವಳು ಸಾಯುವವರೆಗೂ, ಹಾಗೆಯೇ ಕರೆಯುತ್ತದೆ. ಕಾಯುವ ಮನೆಗಳು ಎಷ್ಟೋ. ಗಲಿಸಿಯಾ ಮನೆಗೂ ಕಂದ ಬರುತ್ತಾನೆಂಬ ಮಾತು ಪಡೆದವಳು ಕೂಕಾಳ ಅತ್ತೆ. ಮಾತು ಕೊಟ್ಟಾಗ ಓಣಿಯ ಹಿರಿಯರು ಕೊಡುವ ದಪ್ಪ ಜೇನುಮೇಣದ ಬತ್ತಿಯನ್ನು ಮುದುಕಿ ಸಾಯುವ ಮುಂಚೆ ಕೂಕಾಳ ಕೈಯಲ್ಲಿಟ್ಟಿದ್ದಳು. ಕಂದ ಹೊಸಿಲು ದಾಟುವವರೆಗೆ ಅದನ್ನು ಹೊತ್ತಿಸುವಂತಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಾದ ಮೇಲೆ ಬರಲಿರುವ ಫೆಬ್ರುವರಿ ಅವರ ಸರದಿಯಾಗಿತ್ತು.

ಪಟ್ಟಣದ ಕಚೇರಿಯಿಂದ ಯಾದಿರಾ ಎಂಬ ಇಂಜಿನಿಯರ್ ಹುಡುಗಿ ಬಂದಳು. ಬಿರುಕುಗಳ ಮೇಲೆ ಅಡ್ಡಲಾಗಿ ಅಂಗೈಯಗಲದ ಜಿಪ್ಸಂ ತೇಪೆ ಹಾಕಿದಳು. ಅದಕ್ಕೆ ಸಾಕ್ಷಿ ಎನ್ನುತ್ತಾರೆ.

"ಸಾಕ್ಷಿ ಒಡೆದ್ರೆ ಬಿರುಕು ಇನ್ನೂ ನಡೀತಾ ಇದೆ ಅಂತ. ಹಾಗೇ ಇದ್ರೆ ನಿಂತಿದೆ ಅಂತ," ಎಂದಳು. "ಯಾರೂ ಮುಟ್ಬೇಡಿ. ಒಡೆದ್ರೆ ಆ ಮನೇಲಿ ಮಲಗ್ಬೇಡಿ."

ಕೂಕಾಳ ಮನೆಯ ಸಾಕ್ಷಿಗಳು ಆ ವಾರ ತುಂಬುವುದರೊಳಗೆ ಒಂದೊಂದಾಗಿ ಒಡೆದವು. ಒತಿಲಿಯಾಳ ಹಜಾರದ ಮೂಲೆಯಲ್ಲಿ, ಕಪಾಟಿನ ಹಿಂದೆ, ಕೂದಲೆಳೆಯಂಥ ಒಂದು ಗೀಟನ್ನು ಹುಡುಗಿ ಹುಡುಕಿ ಹಿಡಿದು ಅಲ್ಲಿಯೂ ಒಂದು ತೇಪೆ ಹಾಕಿದಾಗ ಕೂಕಾಳ ಎದೆ ಸ್ವಲ್ಪ ಹಗುರಾಗಿತ್ತು. ಅವಳು ನೋಡಿದಾಗೆಲ್ಲ ಆ ತೇಪೆ ಒಡೆದಿರಲಿಲ್ಲ.

ನವೆಂಬರಿನ ಸತ್ತವರ ಹಬ್ಬ ಮುಗಿದ ಮೇಲೆ ಹಿರಿಯರ ಮುಖಂಡ ದೋನ್ ಅರಿಸ್ತೇಯೊ ಟಾರ್ಪಾಲಿನ ಕೆಳಗೆ ಬಂದು ಕೂತ. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು ಮುಗಿಸಿದ.

"ಮಾತು ಕೊಟ್ಟಿದ್ದು ಗಲಿಸಿಯಾ ಮನೆಗೆ, ದೋನ್ಯಾ ಕೂಕಾ. ನಿಮ್ಮ ಮಾವನಿಗೆ ಇಬ್ರು ಗಂಡುಮಕ್ಕಳು. ಒಂದು ಮನೆ ಬಿತ್ತು, ಒಂದು ನಿಂತಿದೆ. ಮಾತು ನಿಂತಿರೋ ಮನೆಗೆ ಹೋಗ್ಲಿ, ಏನಂತೀರಾ?"

"ನಾನೇನ್ ಅನ್ನೋದು? ಭೂಮೀನೇ ಅಂದುಬಿಡ್ತಲ್ಲ," ಎಂದಳು ಕೂಕಾ.

ಮರುದಿನದಿಂದ ಅವಳು ಬೆಳಿಗ್ಗೆ ಏನಾದರೊಂದು ನೆಪ ಮಾಡಿಕೊಂಡು ಒತಿಲಿಯಾಳ ಮನೆಗೆ ಹೋಗತೊಡಗಿದಳು. ಹೋಗಿ ಕಪಾಟಿನ ಪಕ್ಕದಿಂದ ಸಾಕ್ಷಿಯನ್ನು ಇಣುಕಿ ನೋಡುತ್ತಿದ್ದಳು. ಅದು ಬೆಣ್ಣೆಮುದ್ದೆಯಂತೆ ಇಡಿಯಾಗಿರುತ್ತಿತ್ತು.

"ಏನ್ ಕೊಮಾದ್ರೆ, ಮತ್ತೆ ಉಪ್ಪು ಮುಗೀತಾ?"

"ಉಪ್ಪಿನ ಡಬ್ಬಿ ಬಿರುಕಿನೊಳಗೆ ಬಿತ್ತಲ್ಲ. ಅದು ನನ್ನ ಉಪ್ಪು ತಿಂದು ದಪ್ಪ ಆಗ್ತಿದೆ."

"ಎಲ್ಲಾ ಬಿರುಕು ಬಿಡ್ತು, ನಿನ್ ಬಾಯೊಂದು ಗಟ್ಟಿ ಉಳ್ಕೊಂಡಿದೆ ನೋಡು," ಎಂದು ಒತಿಲಿಯಾ ನಗುತ್ತಿದ್ದಳು. ಅವಳ ತೊಡೆಯ ಮೇಲೆ ಕಂದನಿಗಾಗಿ ಹೊಲಿಯುತ್ತಿದ್ದ ಬಿಳಿ ಸ್ಯಾಟಿನ್ ಅಂಗಿ ಇರುತ್ತಿತ್ತು. ಕಾಲರಿಗೆ ಸಣ್ಣ ಮುತ್ತುಗಳು. ಕೂಕಾ ತನ್ನ ಕಡೆಯಿಂದ ಹೊಲಿದಿಟ್ಟಿದ್ದ ಅಂಗಿಗೆ ಮುತ್ತುಗಳಿರಲಿಲ್ಲ. ಅದೀಗ ಇಟ್ಟಿಗೆಯ ಚೂರುಗಳ ಅಡಿಯಲ್ಲಿತ್ತು.

"ಕಾಲರ್ ಬಿಗಿಯಾಯ್ತು," ಎನ್ನುತ್ತಿದ್ದಳು ಕೂಕಾ. "ಕಂದನ ಕುತ್ತಿಗೆ ದಪ್ಪ."

"ನೀನ್ಯಾವಾಗ ಅಳತೆ ತಗೊಂಡೆ?"

ಅವಳು ಅಳತೆ ತೆಗೆದುಕೊಂಡಿದ್ದಳು. ಪ್ರತಿ ವರ್ಷ ಬೇರೆಯವರ ಮನೆಯಲ್ಲಿ ಕಂದನ ಪಾದಕ್ಕೆ ಮುತ್ತಿಡುವ ನೆವದಲ್ಲಿ, ಗೇಣಿನಿಂದ.

ಡಿಸೆಂಬರಿನಲ್ಲಿ ಒತಿಲಿಯಾ ಹಜಾರಕ್ಕೆ ಕೆಂಪು ಪ್ಲಾಸ್ಟಿಕ್ ನೆಲಹಾಸು ಹಾಸಿದಳು. ತೊಟ್ಟಿಲು ಇಟ್ಟಾಯಿತು, ಧೂಪವೂ ಆಯಿತು. ಒಮ್ಮೆ ಧೂಪ ಹಾಕಿದ ಕೋಣೆಯಲ್ಲಿ ಕಂದ ಬರುವವರೆಗೆ ಒಂದು ಕುರ್ಚಿಯನ್ನೂ ಸರಿಸುವಂತಿಲ್ಲ. ಓಣಿಯ ಕಟ್ಟು ಅದು. ಒಂದು ಬೆಳಿಗ್ಗೆ ಒತಿಲಿಯಾ ಮೆಕ್ಕೆಜೋಳದ ಹಿಟ್ಟು ತರಲು ಗಿರಣಿಗೆ ಹೋಗಿದ್ದಳು. ಕೂಕಾ ಕಪಾಟಿನ ಹಿಂದೆ ಕೈ ತೂರಿಸಿ ಸಾಕ್ಷಿಯನ್ನು ಮುಟ್ಟಿದಳು. ಮುಟ್ಟಬಾರದೆಂಬುದು ಗೊತ್ತಿತ್ತು. ತೇಪೆ ತಣ್ಣಗಿತ್ತು, ಒದ್ದೆಯಾಗಿತ್ತು. ಬೆರಳ ತುದಿ ಬೆಳ್ಳಗಾಯಿತು.

ಸೆಪ್ಟೆಂಬರಿನ ಜಿಪ್ಸಂ ಡಿಸೆಂಬರಿನಲ್ಲಿ ಬೆರಳಿಗೆ ಮೆತ್ತುವುದಿಲ್ಲ. ಅವಳು ಮಂಡಿಯೂರಿ ನೆಲಹಾಸಿನ ಅಂಚನ್ನು ಎತ್ತಿದಳು. ಹಜಾರದ ಉದ್ದಕ್ಕೂ, ತೊಟ್ಟಿಲಿನ ಕೆಳಗೇ ಹಾದು, ಬಿರುಕು ಮಲಗಿತ್ತು. ಕೈ ಇಳಿಯುವಷ್ಟು ಅಗಲ. ಒಳಗಿನಿಂದ ಕಾಲುವೆಯ ಕೆಸರಿನ ವಾಸನೆ ಮೇಲೆ ಬರುತ್ತಿತ್ತು. ಬೀದಿಗೆ ತಿರುಗಿದ್ದು ಅದರ ಒಂದು ಕವಲು ಮಾತ್ರ. ಇನ್ನೊಂದು ಗೋಡೆಯ ಅಡಿಯಲ್ಲಿ ನುಸುಳಿ ಒಳಗೇ ಬಂದಿತ್ತು.

ಆ ಕ್ಷಣ ಕೂಕಾಳಿಗೆ ಆದದ್ದು ಸಂತೋಷ. ಮದುವೆಯ ದಿನವೂ ಅಷ್ಟು ಸಂತೋಷಪಟ್ಟಿದ್ದಳೋ ಇಲ್ಲವೋ.

ಒಗೆಯುವ ಕಲ್ಲಿನ ಹತ್ತಿರ ಅವಳು ಓರಗಿತ್ತಿಯನ್ನು ತಡೆದಳು. ಬೆಳ್ಳಗಾದ ಬೆರಳನ್ನು ಮುಖದ ಮುಂದೆ ಹಿಡಿದಳು.

ಒತಿಲಿಯಾ ಹಿಟ್ಟಿನ ಬಕೆಟ್ಟನ್ನು ಕೆಳಗಿಟ್ಟಳು. "ಗಿರಣಿ ಬಾಗಿಲು ದಾಟೋಷ್ಟರಲ್ಲಿ ನೆಲ ಕೆದರಿದ್ಯಲ್ಲ. ಕೋಳಿ ಕಣೇ ನೀನು."

"ಸಾಕ್ಷಿ ಬದ್ಲಾಯಿಸೋರು ಯಾರು?"

"ನಬೋರ್. ಪ್ರತಿ ಶನಿವಾರ. ಹಾಕ್ದಾಗೆಲ್ಲ ಒಡೆಯುತ್ತೆ." ಒತಿಲಿಯಾಳ ದನಿ ಇದ್ದಕ್ಕಿದ್ದಂತೆ ಏರಿತು. "ಹೋಗು, ಊರಿಗೆಲ್ಲಾ ಸಾರು! ಈ ಮನೆಗೆ ಮೊದ್ಲು ಬಂದೋಳು ನೀನು. ಅತ್ತೆ ಬೀಗದ ಕೈ ನಿಂಗೆ, ಬತ್ತಿ ನಿಂಗೆ, ಪಾಲು ಆರಿಸೋದು ನಿಂಗೆ. ನೀನು ಬಿಟ್ಟಿದ್ದು ನಂಗೆ. ಮೂವತ್ತು ವರ್ಷ ನಿನ್ನ ಹಿತ್ತಿಲ ತೋಟ ನೋಡ್ಕೊಂಡು ಬೀದಿ ಧೂಳು ತಿಂದಿದೀನಿ. ಒಂದೇ ಒಂದು ಸಲ ನಂಗೇನೋ ಬಂತು, ಕೊಮಾದ್ರೆ. ಒಂದೇ ಸಲ."

ಕೂಕಾ ಬೆರಳನ್ನು ಕೆಳಗಿಳಿಸಿದಳು. ತನ್ನನ್ನು ನೋಡಿ ಯಾರಾದರೂ ಹೊಟ್ಟೆ ಉರಿದುಕೊಂಡಿರಬಹುದೆಂದು ಅವಳು ಎಂದೂ ಎಣಿಸಿರಲಿಲ್ಲ. ಆ ಹೊಟ್ಟೆಯುರಿ ಒತಿಲಿಯಾಳದೆಂಬುದು ಅವಳಿಗೆ ಒಂದು ಬಗೆಯಲ್ಲಿ ಹಿತವಾಗಿಯೇ ಇತ್ತು.

"ಹಬ್ಬದ ದಿನ ಚಿನೆಲೊಗಳು ಅದೇ ನೆಲದ ಮೇಲೆ ಕುಣೀತಾರಲ್ಲ," ಎಂದಳು ಕೊನೆಗೆ. ಮುಖವಾಡ ತೊಟ್ಟು, ಬ್ಯಾಂಡಿನ ತಾಳಕ್ಕೆ ನೆಲ ನಡುಗುವಂತೆ ಜಿಗಿಯುವ ಕುಣಿತದವರು ಅವರು. ಕಂದನ ಜೊತೆ ಒಳಗೆ ಹಿಡಿಸುವಷ್ಟು ಜನ ನುಗ್ಗುತ್ತಾರೆ.

"ಕಂದ ಬಂದ್ಮೇಲೆ ಕಂದಾನೇ ನೋಡ್ಕೋತಾನೆ," ಎಂದು ಒತಿಲಿಯಾ ಬಕೆಟ್ ಎತ್ತಿಕೊಂಡು ಹೋದಳು.

ಕೂಕಾ ದೋನ್ ಅರಿಸ್ತೇಯೊನ ಬಳಿಗೆ ಹೋದಳು. ಅವನು ತನ್ನ ತೋಟದಲ್ಲಿ ಸಸಿಗಳಿಗೆ ಕೆಸರಿನ ಮಡಿ ಹಾಕುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡು, ಕೈಯ ಕೆಸರನ್ನು ನಿಧಾನವಾಗಿ ತೊಳೆದುಕೊಂಡ.

"ದೋನ್ಯಾ ಕೂಕಾ, ನನ್ನ ಹೆಂಡತಿ ನಿಮ್ಮ ಬಗ್ಗೆ ಹೇಳಿದ್ಲು. ಒತಿಲಿಯಾ ಮನೆಗೆ ದಿನಾ ಉಪ್ಪು ಕೇಳೋಕೆ ಹೋಗ್ತೀರಂತೆ."

"ಉಪ್ಪಿನ ಮಾತಲ್ಲ ಇದು. ಬಂದು ಹಾಸು ಎತ್ತಿ ನೋಡಿ."

"ಧೂಪ ಹಾಕಿದ ಕೋಣೇಲಿ ಹಾಸು ಎತ್ತೋದಾ? ಅದೂ ಸರದಿ ಕಳ್ಕೊಂಡೋರ ಮಾತು ಕೇಳಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದು ಸಿಟ್ಟಾಗಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. "ಹೊಟ್ಟೆಕಿಚ್ಚಿಗೆ ನಾವ್ಯಾರೂ ಹೊರತಲ್ಲ. ಒಂದು ಜಪಮಾಲೆ ಹೇಳ್ಕೊಳ್ಳಿ, ಇಳಿಯುತ್ತೆ."

ಇಂಜಿನಿಯರ್ ಹುಡುಗಿ ಬೇರೆ ಊರುಗಳ ಬಿರುಕುಗಳ ಹಿಂದೆ ಹೋಗಿದ್ದಳು; ಅವಳ ಫೋನು ಯಾರೂ ಎತ್ತಲಿಲ್ಲ. ಫಿದೆನ್ಸಿಯೊ ಹೆಂಡತಿಯ ಮಾತನ್ನು ಪೂರ್ತಿ ಕೇಳಿ, ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಕೂತ.

"ನೀನ್ ಹೇಳೋದು ನಿಜಾನೇ ಇರುತ್ತೆ," ಎಂದ. "ಆದ್ರೆ ನಿನ್ ಬಾಯಲ್ಲಿ ಬಂದ್ರೆ ಅದು ನಿಜ ಅನ್ಸಲ್ಲ ಕಣೇ. ನಂಗೇ ಅನ್ಸಲಿಲ್ಲ, ಇನ್ನು ಅವರಿಗೆ?"

ಹಾಗಾದರೆ ಸುಮ್ಮನಿದ್ದುಬಿಡೋಣ ಎಂದು ಕೂಕಾ ಕೆಲವು ದಿನ ನಿರ್ಧರಿಸಿಕೊಂಡಳು. ಹೇಳಿಯಾಗಿತ್ತು, ಕೇಳದಿದ್ದುದು ಅವರ ತಪ್ಪು. ಸೊಪ್ಪು ಕೊಯ್ಯುವಾಗ, ಪಾತ್ರೆ ತಿಕ್ಕುವಾಗ, ಆ ಕೆಂಪು ನೆಲ ಕುಸಿಯುವುದನ್ನು ಮನಸ್ಸಿನಲ್ಲಿಯೇ ನೋಡುತ್ತಿದ್ದಳು. ಮೊದಮೊದಲು ಬರಿಯ ನೆಲ ಕುಸಿಯುತ್ತಿತ್ತು, ಒತಿಲಿಯಾ ನಾಚಿಕೆಯಿಂದ ತಲೆ ತಗ್ಗಿಸಿ ನಿಲ್ಲುತ್ತಿದ್ದಳು, ಅದು ನೋಡಲು ಚೆನ್ನಾಗಿತ್ತು. ಆಮೇಲೆ ಆ ನೆಲದ ಮೇಲೆ ಜನ ಬರತೊಡಗಿದರು. ತೊಟ್ಟಿಲ ಬಳಿ ನಿಂತ, ತಾನೇ ಎತ್ತಿಕೊಂಡು ದೀಕ್ಷಾಸ್ನಾನ ಮಾಡಿಸಿದ ಹುಡುಗಿಯೂ ಅವರಲ್ಲಿದ್ದಳು. ಅವಳನ್ನು ಮಾತ್ರ ಹೊರಗೆ ಕಳಿಸಿ ಉಳಿದದ್ದನ್ನು ನೋಡಲು ಕೂಕಾ ಪ್ರಯತ್ನಪಟ್ಟಳು. ಹುಡುಗಿ ಹೊರಗೆ ಹೋಗಲಿಲ್ಲ.

ಜನವರಿಯಲ್ಲಿ ಸರದಿಯನ್ನು ಗಟ್ಟಿ ಮಾಡಲು ಓಣಿಯವರು ಪ್ರಾರ್ಥನಾಮಂದಿರದ ಅಂಗಳದಲ್ಲಿ ಸೇರಿದರು. ಒತಿಲಿಯಾ ಹೊಸ ಶಾಲು ಹೊದ್ದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ದೋನ್ ಅರಿಸ್ತೇಯೊ, ಯಾರದಾದರೂ ತಕರಾರಿದೆಯೇ ಎಂದು ವಾಡಿಕೆಯಂತೆ ಕೇಳಿದ. ಕೂಕಾ ಎದ್ದು ನಿಂತಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

"ಬಂತಪ್ಪಾ ಉಪ್ಪಿನ ಡಬ್ಬಿ!"

ಅವಳು ಮೇಜಿನ ಬಳಿಗೆ ನಡೆದು ಶಾಲಿನೊಳಗಿಂದ ಜೇನುಮೇಣದ ಬತ್ತಿಯನ್ನು ತೆಗೆದಳು. ತೆಗೆದು, ಬತ್ತಿಯ ತುದಿ ಕೆಳಗಾಗುವಂತೆ ಮೇಜಿನ ಮೇಲಿಟ್ಟಳು. ನಗು ನಿಂತಿತು. ಬತ್ತಿಯನ್ನು ತಲೆಕೆಳಗಾಗಿ ಇಟ್ಟವರ ಮನೆಗೆ ಕಂದ ಮುಂದೆಂದೂ ಬರುವುದಿಲ್ಲ. ಮಕ್ಕಳ ಕಾಲಕ್ಕೂ ಇಲ್ಲ. ಹಾಗೆ ಇಟ್ಟವರನ್ನು ಅಲ್ಲಿದ್ದವರಲ್ಲಿ ಬಹಳ ಜನ ಕಂಡೇ ಇರಲಿಲ್ಲ.

"ನನ್ನ ಸರದಿ ಇವತ್ತಿಗೆ ಮುಗೀತು," ಎಂದಳು ಕೂಕಾ. "ಈ ವರ್ಷ ಅಲ್ಲ, ಯಾವತ್ತೂ ನಂಗೆ ಬೇಡ. ಈಗ ನಂಗೆ ಗೆಲ್ಲೋಕೆ ಏನೂ ಉಳಿದಿಲ್ಲ, ದೋನ್ ಅರಿಸ್ತೇಯೊ. ಹೊಟ್ಟೆಕಿಚ್ಚು ಇದ್ರೆ ಇರ್ಲಿ, ಅದು ನನ್ನ ಹೊಟ್ಟೆ. ನೀವು ಹೋಗಿ ಆ ಹಾಸು ಎತ್ತಿ."

ಒತಿಲಿಯಾ ಮೇಜಿನ ಮೇಲಿದ್ದ ಬತ್ತಿಯನ್ನೇ ನೋಡುತ್ತಿದ್ದಳು. ಎದ್ದು ನಿಂತು, "ಕೊಮಾದ್ರೆ, ಏನ್ ಮಾಡ್ಬಿಟ್ಟೆ," ಎಂದಳು. ಮತ್ತೆ, ಎಲ್ಲರಿಗೂ ಕೇಳುವಂತೆ, "ಅವಳು ಹೇಳಿದ್ದು ನಿಜ," ಎಂದಳು.

ಆದರೂ ಜನ ಹೋಗಿ ಹಾಸು ಎತ್ತಿ ನೋಡಿದರು. ಗಂಡಸರು ಬಿರುಕಿನೊಳಗೆ ಕಬ್ಬಿಣದ ಸಲಾಕೆ ಇಳಿಸಿದರು, ತಳ ಸಿಗಲಿಲ್ಲ. ಮುದುಕಿ ಮುತ್ತಿಟ್ಟಿದ್ದ ಗೋಡೆಯನ್ನು ಹೊರಗಿನಿಂದ ಬಡಿದಾಗ ಒಳಗೆ ಟೊಳ್ಳು ಸದ್ದಾಯಿತು. ನಬೋರ್ ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದ.

"ಗಲಿಸಿಯಾಗಳಿಗೆ ಈಗ ಮನೆಯೇ ಇಲ್ಲ ಅಂದಂಗಾಯ್ತು," ಎಂದ ದೋನ್ ಅರಿಸ್ತೇಯೊ. "ಸರದಿ ಮುಂದಿನ ಮನೆಗೆ ಹೋಗುತ್ತೆ."

ಒತಿಲಿಯಾ ತೊಟ್ಟಿಲ ಅಂಚನ್ನು ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಕೂಕಾಳಿಗೆ ಅದನ್ನು ನೋಡಿ ಹೊಟ್ಟೆ ತಣ್ಣಗಾಗಬೇಕಾಗಿತ್ತು. ಅವಳಿಗೆ ಬಂದದ್ದು ಸಿಟ್ಟು.

"ನಾನು ಬಿಟ್ಟುಕೊಟ್ಟಿದ್ದು ನನ್ನದನ್ನ. ಅವಳದನ್ನ ಯಾರ್ ಕೇಳಿದ್ರು?" ಎಂದಳು. "ಕಂದ ಸಿಕ್ಕಿದ್ದು ಜೊಂಡಿನಲ್ಲಿ. ತಾರಸಿ ಕೆಳಗಲ್ಲ. ಗಟ್ಟಿ ನೆಲ ನೋಡಿ ಜೊಂಡಿನ ಚಪ್ಪರ ಹಾಕಿ. ಓಣೀಲಿ ಅರ್ಧ ಜನ ಟಾರ್ಪಾಲಿನ ಕೆಳಗಿದೀವಿ, ಅವನೂ ಇರ್ಲಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಇಬ್ಬರು ಟಾರ್ಪಾಲಿನ ಕೆಳಗಿನವರೇ. ಸಲಾಕೆ ಹಿಡಿದ ಗಂಡಸರು ಅಂಗಳವನ್ನು ಅಡಿ ಅಡಿಯಾಗಿ ಚುಚ್ಚುತ್ತ ಹೋದರು. ಒತಿಲಿಯಾಳ ಪಾಲಿನಲ್ಲಿ ಎಲ್ಲಿ ಚುಚ್ಚಿದರೂ ಸಲಾಕೆ ಜಾರಿ ಇಳಿಯಿತು. ಗಟ್ಟಿ ನೆಲ ಸಿಕ್ಕಿದ್ದು ಹಗ್ಗದ ಈಚೆ, ಕೂಕಾ ಮತ್ತು ಫಿದೆನ್ಸಿಯೊ ಮಂಚ ಹಾಕಿಕೊಂಡಿದ್ದ ಜಾಗದಲ್ಲಿ.

"ಇಲ್ಲೇ," ಎಂದರು ಹಿರಿಯರು. "ನೆಲ ಯಾರದಾದ್ರೂ ಚಪ್ಪರ ಒತಿಲಿಯಾದು."

ಕೂಕಾ ಮಂಚದ ಮೇಲಿನ ಹಾಸಿಗೆಯನ್ನು ಸುತ್ತತೊಡಗಿದಳು. ಒಮ್ಮೆ ಮಾತ್ರ ಫಿದೆನ್ಸಿಯೊನ ಕಡೆ ತಿರುಗಿ, "ನೋಡು," ಎಂದಳು. "ನನ್ನ ನೆಲ, ಅವಳ ಕಂದ."

ಕಾಂದೆಲಾರಿಯ ದಿನ ಬೆಳಿಗ್ಗೆ ಚಪ್ಪರದ ಹಸಿ ಜೊಂಡು ವಾಸನೆ ಹೊಡೆಯುತ್ತಿತ್ತು. ಬ್ಯಾಂಡು ಬೀದಿಯ ತಿರುವಿನಲ್ಲಿ ಕೇಳಿಸಿತು, ಪಟಾಕಿ ಸಿಡಿಯಿತು, ಚಿನೆಲೊಗಳು ಧೂಳೆಬ್ಬಿಸಿಕೊಂಡು ಬಂದರು. ನೆಲ ಅಲುಗಲಿಲ್ಲ. ಕೂಕಾ ಚಪ್ಪರದ ಪಕ್ಕ ಮೆಕ್ಕೆಜೋಳದ ಗಂಜಿ ಅಟೋಲೆಯ ಹಂಡೆಯಲ್ಲಿ ಸೌಟಾಡಿಸುತ್ತಿದ್ದಳು. ಬೇರೆ ಓಣಿಯ ಹೆಂಗಸೊಬ್ಬಳು ಬಂದು ಅವಳ ಕೈಗೆ ಮುತ್ತಿಡಲು ಬಗ್ಗಿದಳು.

"ಕಂದನ ತಾಯಿ ನೀವೇ ಅಲ್ವಾ?"

"ಅಲ್ಲ. ಅವಳು," ಎಂದು ಕೂಕಾ ಸೌಟಿನಿಂದ ತೋರಿಸಿದಳು. "ಆ ಹೊಸ ಶಾಲಿನೋಳು. ಇಲ್ಲಿ ಅಟೋಲೆ ಮಾತ್ರ."

ದೋನ್ ಅರಿಸ್ತೇಯೊ ಕಂದನನ್ನು ಒತಿಲಿಯಾಳ ತೋಳಿಗೆ ಇಳಿಸಿದ. ಬಿಳಿ ಅಂಗಿಯ ಕಂದ ಒಂದು ಕಡೆಗೆ ವಾಲಿದ. ಕಾಲರ್ ಬಿಗಿಯಾಗಿಯೇ ಇತ್ತು. ಕೂಕಾ ಸೌಟು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಅಲ್ಲಿಯೇ ನಿಂತಳು.

"ತಲೆ ಹಿಡ್ಕೊಳ್ಳೇ, ತಲೆ!"

"ಗೊತ್ತು ನಂಗೆ!" ಎಂದಳು ಒತಿಲಿಯಾ. ತಲೆಯ ಕೆಳಗೆ ಕೈ ಕೊಟ್ಟು ಹಿಡಿದಳು. ಕೂಕಾ ಹಿಂತಿರುಗಿ ಹೋಗಿ, ತಳ ಹಿಡಿಯತೊಡಗಿದ್ದ ಅಟೋಲೆಯನ್ನು ಜೋರಾಗಿ ತಿರುವಿದಳು.